ವೋಟರ್ ಲಿಸ್ಟ್ ಕಾಯುವವರೇ ಅಭ್ಯರ್ಥಿಯಾದಾಗ: ಕಾನ್ಸಸ್‌ನ ಕ್ರಿಸ್ ಕೋಬಾಕ್ ಕಥೆ

ಅಮೆರಿಕದ ಪೌರತ್ವ ಪಡೆದಿರುವ ಗೆಳೆಯರೊಬ್ಬರು ಫೋನಿನಲ್ಲಿ ಮಾತಾಡುತ್ತಾ ಕೇಳಿದರು. ‘ಇಲ್ಲಿ ವೋಟರ್ ಲಿಸ್ಟ್‌ಗೆ ಸೇರಬೇಕಾದರೆ ಪಾಸ್‌ಪೋರ್ಟ್ ಅಥವಾ ಬರ್ತ್ ಸರ್ಟಿಫಿಕೇಟ್ ತೋರಿಸಲೇಬೇಕು ಅಂತ ಕಾನೂನು ತರಲು ಹೊರಟಿದ್ದಾರಲ್ಲ, ಅದರಲ್ಲಿ ತಪ್ಪೇನು? ದೇಶದ ಪ್ರಜೆಗಳು ಮಾತ್ರ ವೋಟ್ ಹಾಕಬೇಕು ಅನ್ನೋದು ಸರಿ ತಾನೆ?’

ಪ್ರಶ್ನೆ ನ್ಯಾಯವಾದದ್ದೇ. ಪ್ರಜೆಗಳಲ್ಲದವರು ವೋಟ್ ಹಾಕಬಾರದು, ಇದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಸಂಸತ್ ಚುನಾವಣೆಯಲ್ಲಿ ಅವರು ವೋಟ್ ಹಾಕುವುದು ಈಗಲೂ ಅಪರಾಧವೇ. ಆದರೆ ಈ ನಿಯಮವನ್ನು ಒಂದು ರಾಜ್ಯ ಆಗಲೇ ಜಾರಿ ಮಾಡಿ ನೋಡಿದೆ. ಅದರ ಲೆಕ್ಕ ಕೋರ್ಟಿನ ತೀರ್ಪಿನಲ್ಲಿ ದಾಖಲಾಗಿದೆ. ಆ ನಿಯಮವನ್ನು ತಂದವರು ಅದೇ ವಿಷಯ ಹಿಡಿದು ಗವರ್ನರ್ ಆಗಲು ಹೊರಟರು. ಆ ಕಥೆ ಗೊತ್ತಿದ್ದರೆ ಇವತ್ತಿನ ಗಲಾಟೆ ಅರ್ಥ ಮಾಡಿಕೊಳ್ಳುವುದು ಸುಲಭ. ರಾಜ್ಯದ ಹೆಸರು ಕಾನ್ಸಸ್, ಆ ವ್ಯಕ್ತಿಯ ಹೆಸರು ಕ್ರಿಸ್ ಕೋಬಾಕ್.

ಮೊದಲು ಅವರ ಹುದ್ದೆಯ ಬಗ್ಗೆ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅಂಥ ಹುದ್ದೆಯೇ ಇಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ‘ಸೆಕ್ರೆಟರಿ ಆಫ್ ಸ್ಟೇಟ್’ ಅಂತ ಒಬ್ಬರಿರುತ್ತಾರೆ. ಚುನಾವಣೆ ನಡೆಸುವುದು, ವೋಟರ್ ಲಿಸ್ಟ್ ನೋಡಿಕೊಳ್ಳುವುದು ಹೆಚ್ಚಿನ ಕಡೆ ಅವರ ಕೆಲಸ. ನಮ್ಮಲ್ಲಿ ಈ ಕೆಲಸ ಚುನಾವಣಾ ಆಯೋಗದ್ದು. ರಾಜ್ಯಮಟ್ಟದಲ್ಲಿ ಒಬ್ಬ ಐಎಎಸ್ ಅಧಿಕಾರಿ ಮುಖ್ಯ ಚುನಾವಣಾಧಿಕಾರಿ ಆಗಿರುತ್ತಾರೆ, ಜಿಲ್ಲೆಯಲ್ಲಿ ಡಿಸಿ ಇರುತ್ತಾರೆ. ಅವರು ಒಂದು ಪಕ್ಷದ ಟಿಕೆಟ್ ತಗೊಂಡು ಗೆದ್ದು ಬಂದವರಲ್ಲ. ಕಾನ್ಸಸ್‌ನಲ್ಲಿ ಹಾಗಲ್ಲ. ಅಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಒಂದು ಪಕ್ಷದಿಂದ ನಿಂತು ಗೆದ್ದವರು, ನಾಳೆ ಇನ್ನೂ ದೊಡ್ಡ ಹುದ್ದೆಗೆ ನಿಲ್ಲಬಹುದು, ನಿಂತರೂ ಈ ಕುರ್ಚಿ ಬಿಡಬೇಕು ಅಂತ ಇಲ್ಲ. ಇನ್ನೊಂದು ಮಾತು, ಅಲ್ಲಿನ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಥರ ಅಲ್ಲ. ಸರ್ಕಾರ ನಡೆಸುವವರೇ ಅವರು, ನಮ್ಮ ಮುಖ್ಯಮಂತ್ರಿಯ ಥರ.

ಕೋಬಾಕ್ ಓದಿನಲ್ಲಿ ತುಂಬಾ ಮುಂದಿದ್ದವರು. ಹಾರ್ವರ್ಡ್, ಆಕ್ಸ್‌ಫರ್ಡ್, ಆಮೇಲೆ ಯೇಲ್‌ನಲ್ಲಿ ಕಾನೂನು. 2001ರಲ್ಲಿ ಬುಷ್ ಸರ್ಕಾರದ ನ್ಯಾಯಾಂಗ ಇಲಾಖೆಗೆ ಸೇರಿದರು. ಅವಳಿ ಗೋಪುರದ ದಾಳಿ ಆದ ಮೇಲೆ ಕೆಲವು ದೇಶಗಳಿಂದ ಬಂದ ಗಂಡಸರು ಸರ್ಕಾರಿ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು ಅಂತ ಒಂದು ನಿಯಮ ಬಂತಲ್ಲ, ಅದನ್ನು ರೂಪಿಸಿದವರಲ್ಲಿ ಇವರೂ ಒಬ್ಬರು. ಪಾಕಿಸ್ತಾನ, ಬಾಂಗ್ಲಾದೇಶ ಆ ಪಟ್ಟಿಯಲ್ಲಿದ್ದವು, ಭಾರತ ಇರಲಿಲ್ಲ. 2004ರಲ್ಲಿ ಸಂಸತ್ತಿಗೆ ನಿಂತು ಸೋತರು. 2010ರಲ್ಲಿ ಅರಿಜೋನಾ ರಾಜ್ಯ ವಲಸಿಗರ ಮೇಲೆ ತಂದ ಕಠಿಣ ಕಾನೂನು, ಎಸ್‌ಬಿ 1070, ಬರೆಯಲು ನೆರವಾದವರು ಇವರೇ. ಅದೇ ವರ್ಷ ರಿಪಬ್ಲಿಕನ್ ಪಕ್ಷದಿಂದ ನಿಂತು ಕಾನ್ಸಸ್‌ನ ಸೆಕ್ರೆಟರಿ ಆಫ್ ಸ್ಟೇಟ್ ಆಗಿ ಗೆದ್ದರು.

ಈ ಹುದ್ದೆ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ್ದು. ಫಾರ್ಮ್ ತುಂಬಿಸಿಕೊಳ್ಳುವುದು, ಕಂಪನಿಗಳ ದಾಖಲೆ ಇಡುವುದು, ಮತಪತ್ರ ಸರಿಯಾಗಿ ಅಚ್ಚಾಗಿದೆಯಾ ನೋಡುವುದು. ಇಂಥ ಕುರ್ಚಿಯಲ್ಲಿ ಕೂತು ಇಡೀ ದೇಶಕ್ಕೆ ಗೊತ್ತಾಗುವ ಹಾಗೆ ಬೆಳೆದರು ಅನ್ನೋದೇ ಕೋಬಾಕ್ ಅವರ ರಾಜಕೀಯದ ಮುಖ್ಯ ಸಂಗತಿ. ಪ್ರಜೆಗಳಲ್ಲದವರು ಕದ್ದು ವೋಟ್ ಹಾಕುತ್ತಿದ್ದಾರೆ, ನಾನು ತಡೆಯುತ್ತೇನೆ. ಈ ಒಂದೇ ಮಾತಿನ ಮೇಲೆ ಅವರು ಎಲ್ಲವನ್ನೂ ಕಟ್ಟಿದರು. 2011ರಲ್ಲಿ ಕಾನ್ಸಸ್ ವಿಧಾನಸಭೆ ಅವರು ಬಯಸಿದ ಕಾನೂನು ಪಾಸ್ ಮಾಡಿತು. 2013ರ ಜನವರಿಯಿಂದ, ಹೊಸದಾಗಿ ಹೆಸರು ಸೇರಿಸುವವರು ಪೌರತ್ವದ ದಾಖಲೆ ಕೊಡಬೇಕಾಯಿತು. ಅಲ್ಲಿವರೆಗೆ ಅಮೆರಿಕದ ಹೆಚ್ಚಿನ ಕಡೆ ಇದ್ದ ಪದ್ಧತಿಯೇ ಅಲ್ಲೂ ಇತ್ತು. ‘ನಾನು ಈ ದೇಶದ ಪ್ರಜೆ’ ಅಂತ ಫಾರ್ಮಿನಲ್ಲಿ ಗುರುತು ಹಾಕಿ ಸಹಿ ಮಾಡಬೇಕು, ಸುಳ್ಳು ಹೇಳಿದರೆ ಶಿಕ್ಷೆ. 1993ರ ಕೇಂದ್ರ ಕಾನೂನಿನ ಪ್ರಕಾರ ಡ್ರೈವಿಂಗ್ ಲೈಸೆನ್ಸ್ ಮಾಡಿಸುವ ಕಚೇರಿಯಲ್ಲೇ ಹೆಸರು ಸೇರಿಸಬಹುದು.

2015ರಲ್ಲಿ ಅವರಿಗೆ ಇನ್ನೊಂದು ಅಧಿಕಾರವೂ ಸಿಕ್ಕಿತು, ಮತದಾನದ ಅಪರಾಧಗಳಿಗೆ ತಾವೇ ಕೇಸ್ ಹಾಕುವ ಅಧಿಕಾರ. ದೇಶದಲ್ಲಿ ಬೇರೆ ಯಾವ ಸೆಕ್ರೆಟರಿ ಆಫ್ ಸ್ಟೇಟ್‌ಗೂ ಅದು ಇರಲಿಲ್ಲ. ಇಷ್ಟೆಲ್ಲಾ ಕೈಯಲ್ಲಿದ್ದೂ ಅವರು ಶಿಕ್ಷೆ ಕೊಡಿಸಿದ ಕೇಸುಗಳು ಬಹಳ ಕಡಿಮೆ. ಅದರಲ್ಲೂ ಹೆಚ್ಚಿನವರು ಎರಡು ರಾಜ್ಯಗಳಲ್ಲಿ ವೋಟ್ ಹಾಕಿದ ಅಮೆರಿಕದ ಪ್ರಜೆಗಳೇ.

ಆ ಕಡೆ ದಾಖಲೆ ಕೊಡಲಾಗದೆ ಹೆಸರು ಸೇರಿಸಿಕೊಳ್ಳಲಾಗದವರ ಸಂಖ್ಯೆ 31,000 ದಾಟಿತು. ಅರ್ಜಿ ಹಾಕಿದವರಲ್ಲಿ ನೂರಕ್ಕೆ ಸುಮಾರು ಹನ್ನೆರಡು ಜನ. ಇವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾವ ಪಕ್ಷಕ್ಕೂ ಸೇರಿದವರಲ್ಲ. ನಲವತ್ತಕ್ಕಿಂತ ಹೆಚ್ಚು ಶೇಕಡಾ ಜನ 18ರಿಂದ 29 ವಯಸ್ಸಿನವರು, ಅಂದರೆ ಮೊದಲ ಬಾರಿಗೆ ವೋಟ್ ಹಾಕಲು ಬಂದ ಹುಡುಗ ಹುಡುಗಿಯರು. ಇದನ್ನು ಓದುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಹದಿನೆಂಟು ತುಂಬಿ ಖುಷಿಯಿಂದ ಹೆಸರು ಸೇರಿಸಲು ಹೋದ ಮಗು ‘ನಿಮ್ಮ ದಾಖಲೆ ಬಾಕಿ ಇದೆ’ ಅನ್ನೋ ಕಾಗದ ಕೈಗೆ ಬಂದ ಮೇಲೆ ಮತ್ತೆ ಅತ್ತ ಕಡೆ ತಲೆ ಹಾಕುತ್ತದಾ?

ಬರ್ತ್ ಸರ್ಟಿಫಿಕೇಟ್ ಅಂದರೆ ಮನೆಯ ಬೀರುವಿನಲ್ಲಿ ಇದ್ದೇ ಇರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಇರಲ್ಲ. ಕೋರ್ಟಿಗೆ ಹೋದವರಲ್ಲಿ ಒಬ್ಬರು ಅಮೆರಿಕದಲ್ಲೇ, ವಾಯುಪಡೆಯ ನೆಲೆಯೊಂದರಲ್ಲಿ ಹುಟ್ಟಿದವರು. ಆ ನೆಲೆ ಮುಚ್ಚಿ ಎಷ್ಟೋ ವರ್ಷ ಆಗಿತ್ತು, ಸರ್ಟಿಫಿಕೇಟ್ ಎಲ್ಲಿ ಕೇಳಬೇಕು ಅನ್ನೋದೇ ಅವರಿಗೆ ತಿಳಿಯಲಿಲ್ಲ. 2014ರ ಚುನಾವಣೆಯಲ್ಲಿ ಅವರಿಗೆ ವೋಟ್ ಹಾಕಲು ಆಗಲಿಲ್ಲ. ಕೊನೆಗೆ ಆ ಕಾಗದ ಸಿಕ್ಕಿದ್ದು ತೀರಿಹೋದ ತಾಯಿ ಎತ್ತಿಟ್ಟಿದ್ದ ಸಾಮಾನಿನ ನಡುವೆ.

ಈಗ ಚುನಾವಣಾ ಪ್ರಚಾರಕ್ಕೆ ಬರೋಣ. 2016ರಲ್ಲಿ ಟ್ರಂಪ್ ಗೆದ್ದರು. ಆದರೆ ಒಟ್ಟು ಜನರ ಮತದಲ್ಲಿ ಹಿಂದಿದ್ದರು, ಅದಕ್ಕೆ ಲಕ್ಷಾಂತರ ಅಕ್ರಮ ಮತಗಳೇ ಕಾರಣ ಅಂದರು. ಆ ಮಾತಿಗೆ ಬೆಂಬಲ ಕೊಟ್ಟವರಲ್ಲಿ ಕೋಬಾಕ್ ಮುಂದಿದ್ದರು. 2017ರ ಮೇ ತಿಂಗಳಲ್ಲಿ ಟ್ರಂಪ್ ಒಂದು ಆಯೋಗ ಮಾಡಿದರು. ಉಪಾಧ್ಯಕ್ಷ ಮೈಕ್ ಪೆನ್ಸ್ ಅದರ ಮುಖ್ಯಸ್ಥರು, ಕೋಬಾಕ್ ಅವರ ನಂತರದವರು. ಮರುತಿಂಗಳು, ಜೂನ್‌ನಲ್ಲಿ, ಕೋಬಾಕ್ ಗವರ್ನರ್ ಸ್ಪರ್ಧೆಗೆ ಇಳಿದರು. ಅಂದರೆ ಒಂದೇ ಹೊತ್ತಿಗೆ ಅವರು ರಾಜ್ಯದ ವೋಟರ್ ಲಿಸ್ಟ್ ನೋಡಿಕೊಳ್ಳುವ ಅಧಿಕಾರಿ, ಇಡೀ ದೇಶದ ವೋಟರ್ ಲಿಸ್ಟ್ ತನಿಖೆ ಮಾಡುವ ಆಯೋಗವನ್ನು ನಡೆಸುವವರು, ಜೊತೆಗೆ ಅಭ್ಯರ್ಥಿ. ಆಯೋಗ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಮತದಾರರ ವಿವರ ಕೇಳಿತು. ರಿಪಬ್ಲಿಕನ್ ಪಕ್ಷದವರೇ ಆದ ಮಿಸಿಸಿಪ್ಪಿಯ ಸೆಕ್ರೆಟರಿ ಆಫ್ ಸ್ಟೇಟ್, ಬೇಕಿದ್ದರೆ ಹೋಗಿ ಮೆಕ್ಸಿಕೋ ಕೊಲ್ಲಿಗೆ ಹಾರಿಕೊಳ್ಳಲಿ ಅನ್ನೋ ಅರ್ಥದ ಉತ್ತರ ಕೊಟ್ಟರು. ತಮ್ಮ ರಾಜ್ಯದ ಜನರ ವಿವರವನ್ನು ಹೀಗೆ ಕೊಟ್ಟುಬಿಡಲು ಎರಡೂ ಪಕ್ಷಗಳ ಹಲವರಿಗೆ ಮನಸ್ಸಿರಲಿಲ್ಲ. ಎರಡು ಸಭೆ ನಡೆಸಿ, 2018ರ ಜನವರಿಯಲ್ಲಿ ಆಯೋಗ ಮುಚ್ಚಿಹೋಯಿತು. ಲಕ್ಷಾಂತರ ಅಕ್ರಮ ಮತ ಅನ್ನೋದಕ್ಕೆ ಸಾಕ್ಷಿ ಏನೂ ಹೊರಗೆ ಬರಲಿಲ್ಲ.

ಮಾರ್ಚ್‌ನಲ್ಲಿ, ಆ ಪೌರತ್ವ ದಾಖಲೆಯ ಕಾನೂನಿನ ವಿರುದ್ಧ ಹಾಕಿದ್ದ ಕೇಸಿನ ವಿಚಾರಣೆ ಶುರುವಾಯಿತು, ಫೆಡರಲ್ ನ್ಯಾಯಾಧೀಶೆ ಜೂಲಿ ರಾಬಿನ್ಸನ್ ಅವರ ಮುಂದೆ. ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್. ಈ ಮಾತು ಹೇಳುವುದು ಯಾಕೆಂದರೆ, ತೀರ್ಪು ಬಂದ ಕೂಡಲೇ ‘ಅದು ಆ ಪಕ್ಷದ ಜಡ್ಜ್’ ಅನ್ನೋದು ಅಲ್ಲೂ ರೂಢಿ, ಇಲ್ಲಿ ಆ ಮಾತು ನಡೆಯಲ್ಲ. ಕೋಬಾಕ್ ತಮ್ಮ ವಾದವನ್ನು ತಾವೇ ಮಾಡಿದರು. ಹೊರಬಂದ ಕೇಸುಗಳು ಮಂಜುಗಡ್ಡೆಯ ತುದಿ ಮಾತ್ರ, ಕೆಳಗೆ ದೊಡ್ಡ ಗುಡ್ಡವೇ ಇದೆ ಅಂದರು. ಜೂನ್ 18ರಂದು ತೀರ್ಪು ಬಂತು, ಕಾನೂನು ಬಿದ್ದುಹೋಯಿತು. 1999ರಿಂದ ಲೆಕ್ಕ ಹಾಕಿದರೂ ಲಿಸ್ಟಿಗೆ ಸೇರಿದ, ಪ್ರಜೆಗಳಲ್ಲದವರು ಹೆಚ್ಚೆಂದರೆ 39 ಮಂದಿ. ಅವರಲ್ಲೂ ಕೆಲವರು ತಾವು ಪ್ರಜೆಯಲ್ಲ ಅಂತ ಹೇಳಿದ್ದರೂ ಲೈಸೆನ್ಸ್ ಕಚೇರಿಯ ಗುಮಾಸ್ತರ ತಪ್ಪಿನಿಂದ ಸೇರಿಹೋದವರು. ಮಂಜಿನ ಗುಡ್ಡ ಎಲ್ಲೂ ಇಲ್ಲ, ಇರುವುದು ಸೂರಿಗೆ ನೇತಾಡುವ ಸಣ್ಣ ಮಂಜಿನ ಕಡ್ಡಿ, ಅದೂ ಗೊಂದಲ ಮತ್ತು ಕಚೇರಿಯ ತಪ್ಪುಗಳಿಂದ ಆದದ್ದು ಅಂತ ನ್ಯಾಯಾಧೀಶೆ ಬರೆದರು.

39 ಜನರನ್ನು ತಡೆಯಲು 31,000 ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದ ಲೆಕ್ಕ ಇದು. ನನ್ನ ಗೆಳೆಯರ ‘ತಪ್ಪೇನು’ ಅನ್ನೋ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಇದೇ. ಉದ್ದೇಶದ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಬಹುದು, ನಡೆದದ್ದು ಮಾತ್ರ ಕಣ್ಣೆದುರಿಗಿದೆ.

ತೀರ್ಪಿನಲ್ಲಿ ಇನ್ನೊಂದು ಸಂಗತಿ ಇತ್ತು. ವಿಚಾರಣೆಯ ಹೊತ್ತಲ್ಲಿ ಸಾಕ್ಷ್ಯ ಕೊಡುವ ನಿಯಮಗಳನ್ನು ಮತ್ತೆ ಮತ್ತೆ ಮುರಿದದ್ದಕ್ಕೆ ಕೋಬಾಕ್ ಆರು ಗಂಟೆ ಹೆಚ್ಚುವರಿ ಕಾನೂನು ತರಗತಿಗೆ ಹೋಗಬೇಕು ಅಂತ ಕೋರ್ಟ್ ಹೇಳಿತು. ಅದಕ್ಕೆ ಮೊದಲು ಏಪ್ರಿಲ್‌ನಲ್ಲೇ, ಕೋರ್ಟಿನ ಹಿಂದಿನ ಆದೇಶವನ್ನು ಸರಿಯಾಗಿ ಪಾಲಿಸಲಿಲ್ಲ ಅಂತ ನ್ಯಾಯಾಂಗ ನಿಂದನೆಯೂ ಆಗಿತ್ತು. ಯೇಲ್‌ನಲ್ಲಿ ಓದಿ, ಕಾನೂನು ಪಾಠ ಹೇಳಿಕೊಟ್ಟವರಿಗೆ ಇದು ಸಣ್ಣ ಮುಖಭಂಗ ಅಲ್ಲ. ಆದರೂ ಏಳು ವಾರ ಕಳೆದ ಮೇಲೆ ಅವರು ಪ್ರೈಮರಿ ಗೆದ್ದರು. ಹೇಗೆ?

ಪ್ರೈಮರಿ ಅಂದರೆ ಪಕ್ಷದ ಟಿಕೆಟ್ ಯಾರಿಗೆ ಅನ್ನೋದನ್ನು ಜನರೇ ತೀರ್ಮಾನಿಸುವ ಚುನಾವಣೆ. ನಮ್ಮಲ್ಲಿ ಹೈಕಮಾಂಡ್ ಮಾಡುವ ಕೆಲಸವನ್ನು ಅಲ್ಲಿ ಮತದಾರರು ಮಾಡುತ್ತಾರೆ. ಆದರೆ ಅದಕ್ಕೆ ಬರುವವರು ಕಡಿಮೆ. ಬರುವವರಲ್ಲಿ ಪಕ್ಷದ ಕಟ್ಟಾ ಬೆಂಬಲಿಗರೇ ಜಾಸ್ತಿ. ಕೋಬಾಕ್ ಎದುರು ಇದ್ದವರು ಹಾಲಿ ಗವರ್ನರ್ ಜೆಫ್ ಕಾಲಿಯರ್, ಅವರು ಆ ಕುರ್ಚಿಗೆ ಬಂದು ಅರ್ಧ ವರ್ಷ ಆಗಿತ್ತಷ್ಟೆ. ಹಿಂದಿನ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಟ್ರಂಪ್ ಸರ್ಕಾರಕ್ಕೆ ಕೆಲಸ ಮಾಡಲು ಹೋದಾಗ, ಉಪ ಗವರ್ನರ್ ಆಗಿದ್ದ ಕಾಲಿಯರ್‌ಗೆ ಅದು ಬಂದಿತ್ತು. ಇಬ್ಬರೂ ಸಂಪ್ರದಾಯವಾದಿಗಳೇ, ಗರ್ಭಪಾತ, ಬಂದೂಕು, ತೆರಿಗೆ ಯಾವುದರಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇದ್ದದ್ದು ದನಿಯಲ್ಲಿ. ಶಾನಿ ಊರಿನ ಮೆರವಣಿಗೆಯಲ್ಲಿ ಕೋಬಾಕ್ ಮೆಷಿನ್ ಗನ್ನಿನ ಮಾದರಿ ಕೂರಿಸಿದ್ದ ಜೀಪಿನಲ್ಲಿ ಬಂದರು. ಮಕ್ಕಳು ಮರಿ ಇದ್ದ ಜಾಗ, ಜನ ಸಿಟ್ಟಾದರು, ನಗರಾಡಳಿತ ಕ್ಷಮೆ ಕೇಳಿತು, ಕೋಬಾಕ್ ಕೇಳಲಿಲ್ಲ. ಪ್ರೈಮರಿಗೆ ಬರುವ ಮತದಾರರಿಗೆ ಅದೇ ಇಷ್ಟವಾಯಿತು. ಮತದಾನದ ಹಿಂದಿನ ದಿನ, ಆಗಸ್ಟ್ 6ರಂದು, ಟ್ರಂಪ್ ಟ್ವೀಟ್ ಮಾಡಿ ಕೋಬಾಕ್‌ಗೆ ಬೆಂಬಲ ಸೂಚಿಸಿದರು.

ಎಣಿಕೆ ಶುರುವಾದ ಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊದಲ ಲೆಕ್ಕದಲ್ಲಿ ಕೋಬಾಕ್ ಮುಂದಿದ್ದದ್ದು 191 ಮತ. ಮೂರು ಲಕ್ಷಕ್ಕೂ ಹೆಚ್ಚು ಮತ ಬಿದ್ದ ಚುನಾವಣೆಯಲ್ಲಿ ಬರೀ 191. ಆಮೇಲೆ ಥಾಮಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಕಾಲಿಯರ್‌ಗೆ ಬಿದ್ದ 522 ಮತ ರಾಜ್ಯದ ವೆಬ್‌ಸೈಟಿನಲ್ಲಿ 422 ಅಂತ ದಾಖಲಾಗಿದ್ದು ಗೊತ್ತಾಯಿತು. ಅಂತರ ಒಂದೇ ಏಟಿಗೆ 91ಕ್ಕೆ ಇಳಿಯಿತು. ಆ ವೆಬ್‌ಸೈಟ್ ನಡೆಸುವುದು ಯಾರ ಕಚೇರಿ? ಕೋಬಾಕ್ ಅವರದ್ದೇ. ಇನ್ನು ಅಂಚೆಯಲ್ಲಿ ಬಂದ ಮತ, ತಕರಾರಿನ ಮತ ಇವನ್ನು ಎಣಿಸಬೇಕೋ ಬೇಡವೋ ಅಂತ ಕೌಂಟಿಗಳಿಗೆ ಸಲಹೆ ಕೊಡುವುದು ಯಾರು? ಅದೂ ಅವರ ಕಚೇರಿಯೇ. ಯಾರಾದರೂ ಬೇಕಂತ ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ, ಹಾಗೆ ಯಾರೂ ತೋರಿಸಿಕೊಟ್ಟಿಲ್ಲ, ಆ ನೂರು ಮತದ್ದು ಸಾಮಾನ್ಯ ದಾಖಲೆಯ ತಪ್ಪು. ಆದರೆ ನಮ್ಮೂರಿನ ಸೊಸೈಟಿ ಚುನಾವಣೆಯಲ್ಲಿ ಕೂಡ ನಿಂತವರೇ ಮತ ಎಣಿಸಲು ಕೂತರೆ ಒಪ್ಪುತ್ತೀವಾ? ಎಣಿಸಿದ್ದು ಸರಿಯಾಗಿಯೇ ಇದ್ದರೂ ಸೋತವರ ಮನಸ್ಸು ಒಪ್ಪಲ್ಲ. ಕಾಲಿಯರ್ ಬಹಿರಂಗವಾಗಿ ಒತ್ತಾಯ ಮಾಡಿದ ಮೇಲೆ ಕೋಬಾಕ್ ಆ ಕೆಲಸವನ್ನು ತಮ್ಮ ಸಹಾಯಕರಿಗೆ ವಹಿಸಿ ಹಿಂದೆ ಸರಿದರು. ಸಹಾಯಕರು ಅದೇ ಕಚೇರಿಯವರು. ಒಂದು ವಾರದ ನಂತರ ಕಾಲಿಯರ್ ಸೋಲು ಒಪ್ಪಿದರು. ಕೊನೆಯ ಅಂತರ 343 ಮತ.

ಇದು ಒಂದೇ ಪಕ್ಷದ ಕಾಯಿಲೆ ಅಂತ ತಿಳಿಯಬೇಡಿ. ಅದೇ 2018ರಲ್ಲಿ ಜಾರ್ಜಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಬ್ರಯಾನ್ ಕೆಂಪ್ ಕುರ್ಚಿ ಬಿಡದೆ ಗವರ್ನರ್‌ಗೆ ನಿಂತು ಸುಮಾರು 55,000 ಮತಗಳಿಂದ ಗೆದ್ದರು, ಅವರು ರಿಪಬ್ಲಿಕನ್. 2022ರಲ್ಲಿ ಅರಿಜೋನಾದ ಸೆಕ್ರೆಟರಿ ಆಫ್ ಸ್ಟೇಟ್ ಕೇಟಿ ಹಾಬ್ಸ್ ಕೂಡ ಹುದ್ದೆಯಲ್ಲಿದ್ದುಕೊಂಡೇ ಗವರ್ನರ್‌ಗೆ ನಿಂತು ಗೆದ್ದರು, ಅವರು ಡೆಮಾಕ್ರಟ್. ಎರಡೂ ಕಡೆ ಸೋತವರು ಚುನಾವಣೆಯ ಮೇಲೆ ಅನುಮಾನದ ಮಾತಾಡಿದರು. ನನ್ನ ಅಭಿಪ್ರಾಯ ಕೇಳಿದರೆ, ಯಾರೇ ಆಗಲಿ ನಾಮಪತ್ರ ಹಾಕಿದ ದಿನವೇ ಆ ಕುರ್ಚಿ ಬಿಡಬೇಕು.

ನವೆಂಬರ್‌ಗೆ ಬರೋಣ. ಎರಡು ವರ್ಷದ ಹಿಂದೆ ಟ್ರಂಪ್ ಇಪ್ಪತ್ತು ಶೇಕಡಾ ಅಂತರದಲ್ಲಿ ಗೆದ್ದಿದ್ದ ರಾಜ್ಯ ಕಾನ್ಸಸ್. 1932ರ ನಂತರ ಅಲ್ಲಿ ಒಬ್ಬ ಡೆಮಾಕ್ರಟ್ ಕೂಡ ಸೆನೆಟ್ ಚುನಾವಣೆ ಗೆದ್ದಿಲ್ಲ. ಅಂಥಲ್ಲಿ ಕೋಬಾಕ್ 43 ಶೇಕಡಾ ಮತ ಪಡೆದು ಸೋತರು, ಡೆಮಾಕ್ರಟ್ ಪಕ್ಷದ, ಟೊಪೀಕಾದ ರಾಜ್ಯ ಸೆನೆಟರ್ ಲಾರಾ ಕೆಲ್ಲಿ 48 ಶೇಕಡಾ ಪಡೆದು ಗೆದ್ದರು. ಪಕ್ಷೇತರ ಗ್ರೆಗ್ ಓರ್ಮನ್ ಆರೂವರೆ ಶೇಕಡಾ ತಗೊಂಡರು.

ಕೋಬಾಕ್ ಸೋತದ್ದು ವೋಟರ್ ಲಿಸ್ಟಿನ ವಿಷಯಕ್ಕಲ್ಲ, ಶಾಲೆಗಳ ವಿಷಯಕ್ಕೆ ಅಂತ ನನಗನ್ನಿಸುತ್ತದೆ. 2012ರಲ್ಲಿ ಬ್ರೌನ್‌ಬ್ಯಾಕ್ ಆದಾಯ ತೆರಿಗೆಯನ್ನು ಭಾರೀ ಇಳಿಸಿದ್ದರು, ಎಷ್ಟೋ ವ್ಯಾಪಾರದ ಆದಾಯಕ್ಕೆ ರಾಜ್ಯದ ತೆರಿಗೆಯೇ ಇಲ್ಲ ಅಂತ ಮಾಡಿದ್ದರು. ಖಜಾನೆ ಬರಿದಾಯಿತು. ಶಾಲೆಗೆ ಕೊಡುವ ಹಣ ಸಾಲದು ಅಂತ ರಾಜ್ಯದ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿತು. ಕೊನೆಗೆ 2017ರ ಜೂನ್‌ನಲ್ಲಿ ರಿಪಬ್ಲಿಕನ್ನರೇ ತುಂಬಿದ್ದ ವಿಧಾನಸಭೆ ಗವರ್ನರ್ ವೀಟೋವನ್ನೂ ಮೀರಿ ಆ ತೆರಿಗೆ ಕಡಿತವನ್ನು ವಾಪಸ್ ಪಡೆಯಿತು. ಅದೇ ವಾರ ಪ್ರಚಾರ ಶುರು ಮಾಡಿದ ಕೋಬಾಕ್ ತೆರಿಗೆ ಮತ್ತೆ ಇಳಿಸುತ್ತೇನೆ ಅಂದರು. ಮಕ್ಕಳ ಶಾಲೆ ಸೊರಗಿದ್ದನ್ನು ಕಣ್ಣಾರೆ ಕಂಡ ಕಾನ್ಸಸ್ ಸಿಟಿ ಪಕ್ಕದ ಜಾನ್ಸನ್ ಕೌಂಟಿಯ ತಂದೆ ತಾಯಂದಿರು, ಎಷ್ಟೋ ವರ್ಷಗಳಿಂದ ರಿಪಬ್ಲಿಕನ್ ಪಕ್ಷಕ್ಕೇ ವೋಟ್ ಹಾಕುತ್ತಾ ಬಂದವರು, ಈ ಬಾರಿ ಕೆಲ್ಲಿ ಕಡೆ ವಾಲಿದರು. ಹಿಂದೆ ರಿಪಬ್ಲಿಕನ್ ಗವರ್ನರ್ ಆಗಿದ್ದ ಬಿಲ್ ಗ್ರೇವ್ಸ್, ಸೆನೆಟರ್ ಆಗಿದ್ದ ನ್ಯಾನ್ಸಿ ಕಾಸೆಬಾಮ್ ಬಹಿರಂಗವಾಗಿಯೇ ಕೆಲ್ಲಿಗೆ ಬೆಂಬಲ ಕೊಟ್ಟರು. ಅಕ್ರಮ ಮತದ ಭಯ ಪ್ರೈಮರಿಗೆ ಸಾಕಾಗಿತ್ತು. ಮನೆ ಪಕ್ಕದ ಶಾಲೆಯಲ್ಲಿ ಮೇಷ್ಟ್ರು ಕಡಿಮೆ ಆಗಿದ್ದಾರೆ ಅನ್ನುವವರಿಗೆ ಅದರಲ್ಲಿ ಉತ್ತರ ಇರಲಿಲ್ಲ.

ಕೋಬಾಕ್ ಅಲ್ಲಿಗೆ ನಿಲ್ಲಲಿಲ್ಲ. 2020ರಲ್ಲಿ ಸೆನೆಟ್‌ಗೆ ಪ್ರಯತ್ನಪಟ್ಟರು, ಪ್ರೈಮರಿಯಲ್ಲೇ ರೋಜರ್ ಮಾರ್ಷಲ್ ಎದುರು ಸೋತರು. 2022ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ನಿಂತು ಎರಡು ಶೇಕಡಾಕ್ಕೂ ಕಡಿಮೆ ಅಂತರದಲ್ಲಿ ಗೆದ್ದರು. ಆ ಪೌರತ್ವ ದಾಖಲೆಯ ಕಾನೂನು ಮಾತ್ರ ಉಳಿಯಲಿಲ್ಲ. 2020ರಲ್ಲಿ ಮೇಲ್ಮನವಿ ಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು, ವರ್ಷದ ಕೊನೆಗೆ ಅಮೆರಿಕದ ಸುಪ್ರೀಂ ಕೋರ್ಟ್ ಕೇಸ್ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಕಾನೂನು ಹೋದರೂ ಯೋಚನೆ ಹೋಗಲಿಲ್ಲ. 2025ರ ಮಾರ್ಚ್‌ನಲ್ಲಿ ಟ್ರಂಪ್ ಪೌರತ್ವದ ದಾಖಲೆ ಕೇಳುವ ಆದೇಶಕ್ಕೆ ಸಹಿ ಹಾಕಿದರು. ಏಪ್ರಿಲ್ 10ರಂದು ‘ಸೇವ್ ಆಕ್ಟ್’ ಮಸೂದೆ ಅಮೆರಿಕದ ಕೆಳಮನೆಯಲ್ಲಿ 220–208 ಮತಗಳಿಂದ ಪಾಸಾಯಿತು. ಕಾನ್ಸಸ್‌ನಲ್ಲಿ ಬಿದ್ದುಹೋದದ್ದನ್ನು ಐವತ್ತು ರಾಜ್ಯಗಳಿಗೂ ತರುವ ಪ್ರಯತ್ನ ಇದು. ಮೇಲ್ಮನೆಯಲ್ಲಿ ಇಂಥ ಮಸೂದೆ ಮುಂದೆ ಹೋಗಲು ಸಾಮಾನ್ಯವಾಗಿ ನೂರರಲ್ಲಿ 60 ಮತ ಬೇಕು.

ಇದು ನಮ್ಮವರಿಗೆ ಯಾಕೆ ಮುಖ್ಯ ಅಂದರೆ, ಹೆಸರಿನಿಂದ. ದಾಖಲೆ ಇದ್ದರೆ ಸಾಲದು, ಒಂದು ದಾಖಲೆಯ ಹೆಸರು ಇನ್ನೊಂದಕ್ಕೆ ಹೊಂದಬೇಕು. ನಮ್ಮ ಕಡೆ ಇನಿಷಿಯಲ್ ಹಾಕಿಕೊಳ್ಳುವವರೇ ಜಾಸ್ತಿ, ಊರಿನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಒಂದೊಂದು ಅಕ್ಷರವಾಗಿ ಕೂತಿರುತ್ತವೆ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಅಂತ ಮೂರಕ್ಷರ ಅಂಟಿಕೊಳ್ಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಪೌರತ್ವದ ಪ್ರಮಾಣಪತ್ರದಲ್ಲಿ ಒಂದು, ಲೈಸೆನ್ಸಿನಲ್ಲಿ ಇನ್ನೊಂದು ಇದ್ದರೆ ಏನಾಗುತ್ತೆ ಅಂತ ಯೋಚಿಸಿ. ಮದುವೆಯಾಗಿ ಹೆಸರು ಬದಲಾಯಿಸಿಕೊಂಡ ಅಮೆರಿಕದ ಹೆಣ್ಣುಮಕ್ಕಳಿಗೂ ಇದೇ ಚಿಂತೆ, ಅವರ ಬರ್ತ್ ಸರ್ಟಿಫಿಕೇಟಿನಲ್ಲಿ ಇರುವುದು ತವರಿನ ಹೆಸರು.

ಭಾರತದಲ್ಲೂ 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ, ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಹೊರಗುಳಿದಾಗ, ಯಾವ ಕಾಗದ ಸಾಕು ಅನ್ನೋ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರಡೂ ಒಂದೇ ಅಲ್ಲ. ನಮ್ಮಲ್ಲಿ ಬಿಎಲ್‌ಒ ಮನೆ ಬಾಗಿಲಿಗೆ ಬರುತ್ತಾರೆ, ಅಲ್ಲಿ ಮತದಾರರೇ ಹೋಗಿ ಸೇರಿಕೊಳ್ಳಬೇಕು. ಆದರೆ ಕಾಗದ ಹುಡುಕುವ ಹೊರೆ ಯಾರ ಮೇಲೆ ಬೀಳುತ್ತದೆ ಅನ್ನೋ ಪ್ರಶ್ನೆ ಎರಡೂ ಕಡೆ ಒಂದೇ.

ಕಾನ್ಸಸ್‌ನಲ್ಲಿ 2026ರಲ್ಲಿ ಮತ್ತೆ ಗವರ್ನರ್ ಚುನಾವಣೆ. ಕೆಲ್ಲಿ ಸತತ ಎರಡು ಅವಧಿಗೆ ಗೆದ್ದವರು, ಸತತ ಮೂರನೇ ಬಾರಿ ನಿಲ್ಲುವಂತಿಲ್ಲ. ರಿಪಬ್ಲಿಕನ್ ಟಿಕೆಟ್‌ಗೆ ಇಳಿದವರಲ್ಲಿ ಅಂದು 343 ಮತಗಳಿಂದ ಸೋತ ಕಾಲಿಯರ್ ಇದ್ದಾರೆ. ಕೋಬಾಕ್ ನಂತರ ಸೆಕ್ರೆಟರಿ ಆಫ್ ಸ್ಟೇಟ್ ಆದ ಸ್ಕಾಟ್ ಶ್ವಾಬ್ ಕೂಡ ಇದ್ದಾರೆ. ಶಾಸಕರಾಗಿದ್ದಾಗ ಶ್ವಾಬ್ ಆ ಪೌರತ್ವ ದಾಖಲೆಯ ಕಾನೂನಿಗೆ ಬೆಂಬಲ ಕೊಟ್ಟಿದ್ದವರು, ಆಮೇಲೆ ಅದು ಸರಿಯಾಗಿ ಕೆಲಸ ಮಾಡಲಿಲ್ಲ ಅಂತ ಒಪ್ಪಿಕೊಂಡವರು. ಅವರೂ ಅದೇ ಕುರ್ಚಿಯಲ್ಲಿದ್ದುಕೊಂಡೇ ಸ್ಪರ್ಧೆಗೆ ಇಳಿದಿದ್ದಾರೆ.